ಮಗಳು ವಿಮಾನದಲ್ಲಿ ಬಂದ ದಿನ

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಲಾಂಡ್ರಿಯಕ್ಕ ಎಂದೇ ಕರೆಯುತ್ತಿದ್ದರು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಒದ್ದೆ ಚಾದರಗಳು ತುಂಬಿದ ಗಾಡಿಯನ್ನು ಒಬ್ಬಳೇ ತಳ್ಳಿಕೊಂಡು ಹೋಗುವ ಹೆಂಗಸು. ಅಂಥವಳು ಒಂದೇ ಒಂದು ಸುಳ್ಳು ಹೇಳಿ, ಮನೆಯವರ ಮುಂದೆ ವಾರಗಟ್ಟಲೆ ತಲೆ ಎತ್ತದಂತಾದಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಹಾಗೇ ಆಯಿತು.

ಅವಳ ಮಗಳು ಇದ್ದದ್ದು ಸಮುದ್ರದಾಚೆಯ ದ್ವೀಪದಲ್ಲಿ. ಅಲ್ಲಿನ ಕಿವಿ ಆಸ್ಪತ್ರೆಯಲ್ಲಿ, ಕೇಳಿಸದವರ ಕಿವಿಯ ಅಳತೆಗೆ ಸರಿಯಾಗಿ ಅಚ್ಚು ತೆಗೆದು ಯಂತ್ರ ಕೂರಿಸುವ ಕೆಲಸ. ಮೊದಮೊದಲು ಮನಸ್ಸು ಬಂದಾಗಲೆಲ್ಲ ವಿಮಾನ ಹತ್ತಿ ಬಂದುಬಿಡುತ್ತಿದ್ದಳು. ಅವಳ ತಮ್ಮನಿಗೆ ಕೆಲಸವೂ ಒಂದು ಅಗ್ಗದ ವಿಮಾನ ಕಂಪನಿಯ ಕೌಂಟರಿನಲ್ಲಿ. ಒಳ್ಳೆಯ ಒಂದು ಜೊತೆ ಚಪ್ಪಲಿಗಿಂತ ಟಿಕೆಟ್ಟೇ ಸೋವಿ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಅಜ್ಜಿ ಅವನನ್ನು ಕರೆಯುತ್ತಿದ್ದುದೇ ಟಿಕೆಟ್ಟು ಎಂದು.

ಕೆಲವು ವರ್ಷಗಳ ಹಿಂದೆ ಊಟಕ್ಕೆ ಕೂತಾಗ ಮಗಳು, ಬೆಂದ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತ, ಏನೂ ದೊಡ್ಡ ವಿಷಯವಲ್ಲ ಎನ್ನುವ ಹಾಗೆ ಹೇಳಿದ್ದಳು.

"ಇನ್ಮೇಲೆ ನಾನು ವಿಮಾನ ಹತ್ತಲ್ಲ. ರೈಲು, ಹಡಗು ಹಿಡಿದು ಬರ್ತೀನಿ."

ತಮ್ಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅಂದ್ರೆ ನಾನು ಮಾಡ್ತಿರೋದು ಪಾಪದ ಕೆಲಸ ಅಂತ."

"ಹಾಗೆಲ್ಲಿ ಅಂದೆ? ನಾನು ಹತ್ತಲ್ಲ ಅಂದೆ, ಅಷ್ಟೆ."

"ನೀನೊಬ್ಬಳು ಹತ್ತದಿದ್ರೆ ಅದು ಹಾರದೆ ಇರುತ್ತಾ?"

"ಹಾರುತ್ತೆ. ಇವುಗಳ ಹೊಗೆಗೇ ಭೂಮಿ ಕಾದು ಸಮುದ್ರ ಏರ್ತಿದೆ. ನಮ್ಮ ಆಸ್ಪತ್ರೆ ಹಿಂದಿನ ರಸ್ತೆ ಈ ವರ್ಷ ಸಮುದ್ರದೊಳಗೆ ಹೋಯ್ತು ಕಣೋ. ದಿನಾ ಅದರ ಪಕ್ಕದಲ್ಲೇ ನಡ್ಕೊಂಡು ಕೆಲಸಕ್ಕೆ ಹೋಗ್ತೀನಿ. ನೋಡ್ತಾ ನೋಡ್ತಾ ಹತ್ತೋಕೆ ಮನಸ್ಸಾಗ್ತಿಲ್ಲ."

"ಹಡಗೇನು ನೀರು ಕುಡ್ಕೊಂಡು ಓಡುತ್ತಾ?" ಎಂದರು ಅಜ್ಜಿ.

"ಇಲ್ಲ ಅಜ್ಜಿ, ಅದೂ ಎಣ್ಣೆನೇ. ಲಾರಿ, ಸಾಮಾನು ಹೊತ್ಕೊಂಡು ಅದು ಹೇಗೂ ಹೋಗುತ್ತೆ. ಅದರದೊಂದು ಮೂಲೇಲಿ ನಾನೂ ಕೂತಿರ್ತೀನಿ."

ನೀರಿನ ಪಂಪು ರಿಪೇರಿ ಮಾಡುವ ಅಪ್ಪ, ಆ ಹಡಗಿಗೆ ಯಾವ ಇಂಜಿನ್ನು ಹಾಕಿದ್ದಾರೆ ಎಂದು ವಿಚಾರಿಸಿ, ಮಗಳಿಗೆ ಗೊತ್ತಿಲ್ಲದಿದ್ದುದಕ್ಕೆ ಬೇಸರಪಟ್ಟುಕೊಂಡರು. ಲಾಂಡ್ರಿಯಕ್ಕ ಮಾತ್ರ, ಹುಡುಗಿಯ ಹುಚ್ಚು, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡಳು.

ಇಳಿಯಲಿಲ್ಲ. ಮಗಳ ರಜೆಯ ಅರ್ಧ ಭಾಗ ದಾರಿಯಲ್ಲೇ ಖರ್ಚಾಗತೊಡಗಿತು. ಎರಡು ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದವಳು ವರ್ಷಕ್ಕೊಮ್ಮೆ ಎನ್ನುವಂತಾದಳು. ಈ ಸಲ ಗಾಳಿಯ ಕಾಲ ಬಂದು ಹಡಗುಗಳು ಹೊರಟರೆ ಹೊರಟವು, ಇಲ್ಲದಿದ್ದರೆ ಇಲ್ಲ ಎಂಬಂತಾದಾಗ ಅದೂ ಅನುಮಾನವಾಯಿತು. ಫೋನಿನಲ್ಲಿ ಒಂದೇ ಮಾತು: "ಗಾಳಿ ನಿಲ್ಲಲಿ ಅಮ್ಮ, ನೋಡೋಣ."

ಲಾಂಡ್ರಿಯಲ್ಲಿ ಚಾದರಗಳನ್ನು ಇಸ್ತ್ರಿಯ ಬಿಸಿ ರೋಲರಿಗೆ ಕೊಡುವಾಗ ಆಚೆ ತುದಿ ಹಿಡಿಯುವ ಜೊತೆಗಾತಿಗೆ ಬೇರೆಯವರ ಮನೆಯ ವಿಷಯವೆಂದರೆ ಪ್ರಾಣ.

"ಮಗಳು ಮುನಿಸಿಕೊಂಡಿದಾಳಾ?"

"ಮುನಿಸೇನು? ಸಮುದ್ರ ಸರಿ ಇಲ್ಲ."

"ಆಕಾಶ ಸರಿ ಇದೆಯಲ್ಲ. ತಪ್ಪು ತಿಳ್ಕೋಬೇಡ ಅಕ್ಕ, ನಮ್ಮ ಅಕ್ಕನ ಮಗನೂ ಹೀಗೇ ಏನೋ ನೇಮ ಹಿಡಿದು ಮನೆ ಕಡೆ ಬರೋದು ನಿಲ್ಲಿಸಿದ್ದ. ಬೇರೆ ಎಲ್ಲಾ ಕಡೆ ಹೋಗಿ ಬರ್ತಿದ್ದ."

ಆ ಮಾತು ಲಾಂಡ್ರಿಯಕ್ಕನ ತಲೆಗೆ ಹುಳ ಬಿಟ್ಟಿತು. ಬಿಟ್ಟದ್ದು ವಿಮಾನವನ್ನೋ, ನಮ್ಮನ್ನೋ? ಮಗಳ ಖಾಲಿ ಮಂಚದ ಮೇಲೆ ಒಣಗಿದ ಬಟ್ಟೆ ರಾಶಿ ಹಾಕುವಾಗಲೆಲ್ಲ ಅದು ಕೊರೆಯುತ್ತಿತ್ತು.

ಮುಂದಿನ ವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಆಸ್ಪತ್ರೆಯ ಹಿಂದಿನ ಮೊಗಸಾಲೆಯಲ್ಲಿ ನಿಂತು ಫೋನು ಮಾಡಿದಳು. ಮಗಳು ಅವಸರದಲ್ಲಿದ್ದಳು. ಈ ವರ್ಷ ಬರುವುದು ಕಷ್ಟ, ಉಳಿದ ರಜೆಯೆಲ್ಲ ತರಬೇತಿಗೆ ಹೋಗುತ್ತದೆ ಎಂದಳು. ಆಮೇಲೆ, "ಇಡ್ಲಾ ಅಮ್ಮ? ಕೆಲಸ ಇದೆ" ಎಂದಳು.

"ಇಡ್ಬೇಡ," ಎಂದಳು ತಾಯಿ. "ನಿಮ್ಮಪ್ಪನಿಗೆ ಎದೆನೋವು ಬಂದಿದೆ. ಇಲ್ಲೇ ಸೇರಿಸಿದೀವಿ."

ಹೀಗೆ ಹೇಳಬೇಕೆಂದು ಅವಳು ಯೋಚಿಸಿಕೊಂಡಿರಲಿಲ್ಲ. ಬಾಯಿಗೆ ಬಂತು, ಹೊರಗೆ ಬಿತ್ತು.

"ಯಾವ ವಾರ್ಡು?"

"ಎರಡನೇ ಮಹಡಿ. ಹೃದಯದ ವಾರ್ಡು." ದಿನವೂ ಬೆಳಗ್ಗೆ ಆ ವಾರ್ಡಿನ ಚಾದರಗಳನ್ನು ಬೇರೆ ಮಾಡುವವಳು ಅವಳೇ. ಸುಳ್ಳಿಗೆ ತಡಕಾಡಬೇಕಾಗಲಿಲ್ಲ.

"ಅಪ್ಪನಿಗೆ ಕೊಡು."

"ಮಾತಾಡಿಸಬಾರದು ಅಂದಿದಾರೆ."

"ಬರ್ತೀನಿ" ಎಂದು ಮಗಳು ಫೋನಿಟ್ಟಳು.

ಲಾಂಡ್ರಿಯಕ್ಕ ಕೂಡಲೇ ಮತ್ತೆ ಫೋನು ಒತ್ತಿದಳು. ಮಗಳು ಬೇರೆ ಯಾರೊಂದಿಗೋ ಮಾತಾಡುತ್ತಿದ್ದಳು. ಎರಡನೇ ಸಲ ಒತ್ತಲು ಹೋದವಳು ಒತ್ತಲಿಲ್ಲ. ಮಗಳು ಬರುತ್ತಾಳೆ ಎಂಬ ಮಾತು ಆಗಲೇ ಮನಸ್ಸಿನಲ್ಲಿ ಸಿಹಿಯಾಗಿ ಕರಗತೊಡಗಿತ್ತು. ಬರಲಿ, ಬಂದಮೇಲೆ ಹೇಗೋ ಸಮಾಧಾನ ಮಾಡಿದರಾಯಿತು ಎಂದುಕೊಂಡಳು. ಆಮೇಲೆ ಅವಳನ್ನು ಹೆಚ್ಚು ಸುಟ್ಟದ್ದು ಹೇಳಿದ ಸುಳ್ಳಲ್ಲ, ಒತ್ತದೆ ಬಿಟ್ಟ ಆ ಎರಡನೇ ಫೋನು.

ಸಂಜೆ ಪಾಳಿ ಮುಗಿಯುವ ಮುಂಚೆ ಮಗ ಲಾಂಡ್ರಿಯ ಬಾಗಿಲಲ್ಲಿ ನಿಂತಿದ್ದ. ಮೈಮೇಲೆ ಕಂಪನಿಯ ಸಮವಸ್ತ್ರ, ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ರಕ್ತವಿಲ್ಲ.

"ಅಪ್ಪ ಎಲ್ಲಿ? ಮೇಲೆ ಯಾರೂ ಹೇಳ್ತಿಲ್ಲ. ಅಕ್ಕ ಫೋನಲ್ಲಿ ಅಳ್ತಿದ್ಲು, ಹೊರಡೋ ವಿಮಾನದಲ್ಲಿ ಹೇಗೋ ಒಂದು ಸೀಟು ಹಿಡಿದುಕೊಟ್ಟು ಓಡಿ ಬಂದೆ. ಅಪ್ಪ ಫೋನೂ ಎತ್ತುತ್ತಿಲ್ಲ."

"ಗ್ರೀಸು ಕೈ ಇರುತ್ತೆ, ಯಾವತ್ತು ಎತ್ತಿದಾರೆ," ಎಂದಳು ತಾಯಿ. ಆಮೇಲೆ ಅವನನ್ನು ಸೋಪುಪುಡಿಯ ಮೂಟೆಗಳ ಹಿಂದೆ ಕರೆದುಕೊಂಡು ಹೋಗಿ ವಿಷಯ ಹೇಳಿದಳು.

ಮಗ ಕೂಗಾಡಲಿಲ್ಲ. ಮೂಟೆಯ ಮೇಲೆ ಕೂತ. "ಈಗ ಅವಳು ವಿಮಾನದಲ್ಲಿದಾಳೆ ಅಮ್ಮ. ಇಳೀತನಕ ಏನೂ ಹೇಳೋಕಾಗಲ್ಲ."

"ನೀನು ಹೋಗಿ ಕರ್ಕೊಂಡು ಬಾ. ದಾರೀಲಿ ನಿಧಾನಕ್ಕೆ ಹೇಳು."

"ನಾನು ಹೇಳ್ಬೇಕಾ?" ಎಂದ ಮಗ. ಆದರೂ ಎದ್ದು ಹೋದ.

ಅವನು ಹೋಗಿ ತಲುಪುವುದರೊಳಗೆ ವಿಮಾನ ಇಳಿದಾಗಿತ್ತು. ಮಗಳು ಬಾಡಿಗೆ ಕಾರು ಹಿಡಿದು ನೇರ ಆಸ್ಪತ್ರೆಗೆ ಬಂದಿದ್ದಳು. ಅಷ್ಟರಲ್ಲಿ ತಾಯಿ ದಾರಿಯಲ್ಲಿ ಮೀನು ಕೊಂಡು ಮನೆ ಸೇರಿದ್ದಳು.

ಗಂಡ ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿನಲ್ಲಿ ಸೋರುವ ಕೊಳವೆ ಬಿಗಿಮಾಡಲು ಮಲಗಿದ್ದರು. ತಲೆ, ಭುಜ ಎಲ್ಲ ಕಪಾಟಿನೊಳಗೆ, ಕಾಲು ಮಾತ್ರ ಹೊರಗೆ. ಲಾಂಡ್ರಿಯಕ್ಕ ಒಲೆಯ ಮುಂದೆ ನಿಂತು ಮೀನು ಹುರಿಯುತ್ತ, ಈ ಮನುಷ್ಯನಿಗೆ ಯಾವ ಮಾತಿನಿಂದ ಶುರುಮಾಡಲಿ ಎಂದು ಯೋಚಿಸುತ್ತಿದ್ದಳು. ಹೊರಬಾಗಿಲು ದಡಾರನೆ ತೆರೆಯಿತು. ಮಗಳು ಬಂದವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ನೆಲದ ಮೇಲೆ ಅಲುಗಾಡದೆ ಚಾಚಿದ ಕಾಲುಗಳನ್ನು ನೋಡಿದಳು. ಅವಳ ಗಂಟಲಿನಿಂದ ಬಂದ ಸದ್ದನ್ನು ತಾಯಿ ಅವಳು ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಅಪ್ಪ ಬೆಚ್ಚಿ ತಲೆಯನ್ನು ಕಪಾಟಿಗೆ ಹೊಡೆದುಕೊಂಡರು. "ಯಾರದು? ಅರೆ, ನೀನ್ಯಾವಾಗ ಬಂದೆ? ಹೇಳೋದಿಲ್ಲ, ಕೇಳೋದಿಲ್ಲ."

ಮಗಳು ಅಲ್ಲೇ ನೆಲದ ಮೇಲೆ ಕುಸಿದು ಕೂತು, ಅಪ್ಪನ ಒದ್ದೆ ಕೈ ಹಿಡಿದುಕೊಂಡಳು. "ಎದೆನೋವು ಹೇಗಿದೆ ಅಪ್ಪ?"

"ಯಾರಿಗೆ?"

ಅಪ್ಪ ಮಗಳನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಬಾಣಲೆಯಲ್ಲಿ ಮೀನು ಸೀದು ಹೊಗೆ ಏಳತೊಡಗಿತು. ಒಳಕೋಣೆಯಿಂದ ಅಜ್ಜಿ, "ಏನೇ ಸೀದುಹೋಯ್ತು?" ಎಂದು ಕೂಗಿದರು.

ಮಗಳು ಎದ್ದು ಒಲೆ ಆರಿಸಿದಳು. ತಾಯಿಯ ಕಡೆ ತಿರುಗಿದಳು. "ವಾರ್ಡಲ್ಲಿ ಅಂಥವರು ಯಾರೂ ಇಲ್ಲ ಅಂದ್ರು. ಒಂದು ಹಾಸಿಗೆ ಖಾಲಿ ಇತ್ತು. ಆಗತಾನೆ ಚಾದರ ತೆಗೀತಿದ್ರು. ಆ ಚಾದರಾನ ಯಾವಾಗ ಹಾಗೆ ತೆಗೀತಾರೆ ಅಂತ ನಿನಗೆ ಗೊತ್ತಲ್ಲಮ್ಮ. ನೀನೇ ನನಗೆ ಹೇಳಿದ್ದೆ. ಅಪ್ಪ ಹೋಗೇಬಿಟ್ರು ಅಂದ್ಕೊಂಡು ಮನೆಗೆ ಓಡಿ ಬಂದೆ."

"ನೀನು ಬರೋದೇ ಇಲ್ವೇನೋ ಅಂತ..."

"ಕರೆದಿದ್ರೆ ಬರ್ತಿದ್ದೆ."

"ಎಷ್ಟು ಸಲ ಕರೀಲಿ?"

"ಯಾವಾಗ ಬರ್ತೀಯಾ ಅಂತ ನೀನು ಕೇಳ್ತಿದ್ದೆ, ಅಷ್ಟೆ. ನಿನ್ನ ನೋಡದೆ ಇರೋಕಾಗ್ತಿಲ್ಲ ಅಂತ ಒಂದು ದಿನವಾದ್ರೂ ಅಂದಿದ್ಯಾ?"

ತಾಯಿ ಸೆರಗಿನಲ್ಲಿ ಕೈ ಒರೆಸುತ್ತ ನಿಂತಳು. ಒರೆಸಲು ಕೈಯಲ್ಲಿ ಏನೂ ಇರಲಿಲ್ಲ.

ಅಂದು ತಟ್ಟೆಗೆ ಬಂದದ್ದು ಅನ್ನ, ಬೇಯಿಸಿದ ಮೊಟ್ಟೆ. ಮಗನೂ ಅಷ್ಟರಲ್ಲಿ ಬಂದು ಸೇರಿಕೊಂಡಿದ್ದ. ಊಟದ ನಡುವೆ ಮಗಳು, ಯಾರಿಗೆ ಹೇಳುತ್ತಿದ್ದಾಳೆ ಎಂದು ತಿಳಿಯದ ಹಾಗೆ, ಇವತ್ತು ಮಧ್ಯಾಹ್ನ ಒಂದು ಪುಟ್ಟ ಹುಡುಗಿಗೆ ಯಂತ್ರ ಕೂರಿಸಬೇಕಾಗಿತ್ತು ಎಂದಳು. ಹುಟ್ಟಿದಾಗಿನಿಂದ ಏನೂ ಕೇಳಿಸಿಕೊಳ್ಳದ ಮಗು. ಅದರ ಕಿವಿ ಎಷ್ಟು ಚಿಕ್ಕದೆಂದರೆ ಅಚ್ಚನ್ನು ಮತ್ತೆ ಮತ್ತೆ ಮಾಡಬೇಕಾಗಿತ್ತು.

"ಅವರಮ್ಮ ಕೂಗಿದಾಗ ಅದು ತಿರುಗಿ ನೋಡುತ್ತಾ ಅಂತ ನೋಡೋಕೆ ತಿಂಗಳಿಂದ ಕಾಯ್ತಿದ್ದೆ. ಬೇರೆಯವರು ಕೂರಿಸಿದ್ರಂತೆ."

"ನೋಡ್ತಾ?" ಎಂದು ಅಜ್ಜಿ ಕೇಳಿದರು.

"ನೋಡ್ತಂತೆ."

ಮರುದಿನ ಬೆಳಗ್ಗೆ ಮಗಳು ಹೊರಟಾಗ ತಮ್ಮ ಮೆಲ್ಲಗೆ, "ವಾಪಸ್ಸು ಹೋಗೋಕೂ ಸೀಟಿದೆ ಅಕ್ಕ" ಎಂದ.

"ಒಂದು ಸಲ ಹತ್ತಿದ್ದಾಯ್ತಲ್ಲ, ಇನ್ನೊಂದಕ್ಕೇನಂತೆ," ಎಂದರು ಅಜ್ಜಿ.

"ಬರುವಾಗ ಅಪ್ಪನಿಗೋಸ್ಕರ ಹತ್ತಿದೆ ಅಜ್ಜಿ. ನನಗೋಸ್ಕರ ಹತ್ತಲ್ಲ." ತಮ್ಮನ ಬೆನ್ನು ತಟ್ಟಿ, ಅಪ್ಪನ ಎದೆಯ ಮೇಲೆ ಒಂದು ಕ್ಷಣ ಕೈಯಿಟ್ಟು ಹೊರಟುಹೋದಳು. ತಾಯಿಗೆ, "ಬರ್ತೀನಿ" ಎಂದಷ್ಟೇ ಹೇಳಿದಳು.

ಆಮೇಲಿನ ದಿನಗಳು ಕೆಟ್ಟವು. ಗಾಳಿ ಹೆಚ್ಚಾಗಿ ಹಡಗು ಬಂದರಿನಲ್ಲೇ ನಿಂತಿತ್ತು. ಮಗಳು ಅಲ್ಲಿನ ಪ್ರಯಾಣಿಕರ ಕೋಣೆಯ ಬೆಂಚಿನ ಮೇಲೆ ಬಿದ್ದುಕೊಂಡಿದ್ದಾಳೆ ಎಂಬುದು ತಮ್ಮನಿಗೆ ಬಂದ ಸಂದೇಶದಿಂದ ತಿಳಿಯಿತು. ತಾಯಿಗೆ ಸಂದೇಶ ಬರಲಿಲ್ಲ. "ಊಟಕ್ಕೆ ಏನು ಮಾಡ್ತಿದಾಳಂತೆ?" ಎಂದು ಅವಳು ಮಗನನ್ನು ಕೇಳಿದರೆ, "ಬಿಸ್ಕತ್ತು" ಎಂದು ಬಾಗಿಲು ಹಾಕಿಕೊಂಡ. ಅವನಿಗೂ ಅವನದೇ ಸಂಕಟ. ಅಕ್ಕನ ನೇಮ ಮುರಿಸಿದ ಟಿಕೆಟ್ಟು ಅವನ ಕೈಯಿಂದಲೇ ಹೊರಟಿತ್ತು. ಅದಕ್ಕೆ ಮೊದಲು ಆ ನೇಮವನ್ನು ಅವನಷ್ಟು ಹಂಗಿಸಿದವರೂ ಯಾರಿರಲಿಲ್ಲ.

ಗಂಡ ಮೊದಮೊದಲು ತಮಾಷೆ ಮಾಡುತ್ತಿದ್ದರು. "ಹೃದಯದ ರೋಗಿ ನಾನು, ಉಪ್ಪು ನೋಡಿ ಹಾಕು." "ಮುಂದಿನ ಸಲ ನನ್ನ ಆಸ್ಪತ್ರೆಗೆ ಸೇರಿಸೋ ಮುಂಚೆ ನನಗೂ ಒಂದು ಮಾತು ತಿಳಿಸು." ಒಂದು ದಿನ ಅಂಗಡಿಯ ಮುಂದೆ ಪಂಪು ಎತ್ತಿ ಗಾಡಿಗೆ ಇಡುವಾಗ ಅವರು ಎದೆ ಉಜ್ಜಿಕೊಂಡದ್ದನ್ನು ಅವಳು ನೋಡಿದಳು. ಅಲ್ಲೇ ಬೀದಿಯಲ್ಲಿ ಅವರ ಕೈ ಹಿಡಿದು ಅತ್ತುಬಿಟ್ಟಳು. ತನ್ನ ಬಾಯಿಂದ ಬಂದದ್ದು ನಿಜವಾಗಿಬಿಟ್ಟರೆ? ಬಿಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಎದೆಯಲ್ಲಿ ಏನೂ ಇಲ್ಲ, ಸ್ನಾಯು ಎಳೆದಿದೆ ಅಷ್ಟೆ ಎಂದರು ವೈದ್ಯರು. ಅಂದಿನಿಂದ ಗಂಡ ತಮಾಷೆ ಬಿಟ್ಟರು. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಲಾಂಡ್ರಿಯಲ್ಲಿ ಎರಡನೇ ಮಹಡಿಯ ಗಾಡಿ ಬಂದರೆ ಜೊತೆಗಾತಿಗೆ ತಳ್ಳುತ್ತಿದ್ದಳು. ಅವಳು ಕಾರಣ ಕೇಳಿದರೆ ಸೊಂಟನೋವು ಎನ್ನುತ್ತಿದ್ದಳು. ಎಂದ ಮೇಲೆ, ಇದೂ ಒಂದು ಸುಳ್ಳೇ ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಅಜ್ಜಿಯ ಉಗುರು ಕತ್ತರಿಸುತ್ತಿದ್ದಾಗ ಅವರೇ ಮಾತು ತೆಗೆದರು. ಅತ್ತೆ ಸೊಸೆಯ ನಡುವೆ ಮದುವೆಯಾದಂದಿನಿಂದ ಹೊಂದಿಬಂದದ್ದು ಯಾವುದೂ ಇರಲಿಲ್ಲ. ಸಾರಿನ ಉಪ್ಪಿನಿಂದ ಹಿಡಿದು ಕಿಟಕಿ ಪರದೆಯ ಬಣ್ಣದವರೆಗೆ ಎಲ್ಲಕ್ಕೂ ಜಗಳ. ಮುದುಕಿಯ ನಾಲಿಗೆಗೆ ಮುಲಾಜಿರಲಿಲ್ಲ. ಯಾರ ಅಡುಗೆ ಕೆಟ್ಟಿದೆ, ಯಾರ ಮೊಮ್ಮಗು ಕುರೂಪಿ ಎಂದು ಮುಖದ ಮೇಲೇ ಹೇಳುವವರು.

"ಎಷ್ಟು ದಿನ ಹೀಗೆ ಮೂತಿ ಊದಿಸ್ಕೊಂಡಿರ್ತೀಯ?"

"ಏನು ಮಾಡ್ಲಿ ಅತ್ತೆ? ಫೋನು ಮಾಡಿದ್ರೆ ಚೆನ್ನಾಗಿದೀನಿ ಅಂತಾಳೆ, ಇಡ್ತಾಳೆ."

"ಅವಳು ಬರ್ತಾಳಲ್ಲ ಆ ದಾರಿ, ಅದನ್ನ ಈ ಮನೇಲಿ ಯಾರಾದ್ರೂ ಕಣ್ಣಲ್ಲಿ ನೋಡಿದೀರಾ? ಅದು ಹುಚ್ಚು, ಇದು ಹುಚ್ಚು ಅಂತ ಕೂತಲ್ಲೇ ಹೇಳಿದ್ರಿ."

"ನೀವೂ ಹೇಳಿದ್ರಿ."

"ಹೇಳಿದೆ. ನಂಗೆ ವಯಸ್ಸಾಗಿದೆ, ಹೋಗೋಕಾಗಲ್ಲ. ನಿನಗೇನಾಗಿದೆ? ನೋಡ್ಕೊಂಡು ಕತ್ತರಿಸು, ಬೆರಳು ಹೋಗುತ್ತೆ."

ಲಾಂಡ್ರಿಯಕ್ಕ ರಜೆ ಕೇಳಿದಳು. ವಿಷಯ ಕೇಳಿ ಮಗ, "ನನ್ನ ಕಂಪನೀಲಿ ಹೋದ್ರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರ್ತೀಯಮ್ಮ" ಎಂದ.

"ಇಷ್ಟೆಲ್ಲ ಮಾಡಿ, ಅವಳ ಮುಂದೆ ಹೋಗಿ ವಿಮಾನದಿಂದ ಇಳೀಲಾ?"

ಮಗ ನಿಲ್ದಾಣಕ್ಕೆ ಚೀಲ ಹೊತ್ತು ತಂದು, ರೈಲಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ನೀರಿನ ಬಾಟಲಿ ಕೊಟ್ಟ. "ಅಕ್ಕನಿಗೆ ಹೇಳು..." ಎಂದು ನಿಲ್ಲಿಸಿ, "ಏನಿಲ್ಲ ಬಿಡು, ಹುಷಾರಾಗಿ ಹೋಗು" ಎಂದ.

ರೈಲಿನಲ್ಲಿ ಕೂತು ಕೂತು ಮೊಣಕಾಲು ಹಿಡಿದುಕೊಂಡವು. ಬಂದರಿನ ಊರಿನಲ್ಲಿ ಇಳಿದಾಗ ಮುಖವೆಲ್ಲ ಮಸಿ, ತಲೆ ಕೆದರಿತ್ತು. ನಲ್ಲಿಯಲ್ಲಿ ಮುಖ ತೊಳೆದು ತಲೆ ಒದ್ದೆ ಮಾಡಿಕೊಂಡು ಬಾಚುತ್ತಿದ್ದಾಗ ಅವಳಿಗೆ ಥಟ್ಟನೆ ಹೊಳೆಯಿತು. ಪ್ರತಿ ಸಲ ಮನೆಗೆ ಬಂದಾಗ ಮಗಳ ತಲೆಕೂದಲು ಒದ್ದೆಯಾಗಿರುತ್ತಿತ್ತು. ತಮ್ಮೂರಿನ ನಿಲ್ದಾಣದಲ್ಲಿ ಹೀಗೇ ನಿಂತು, ಅಮ್ಮನ ಕಣ್ಣಿಗೆ ದಣಿದವಳ ಹಾಗೆ ಕಾಣಬಾರದೆಂದು ಬಾಚಿಕೊಳ್ಳುತ್ತಿದ್ದಳೇನೋ. ತಾನು ಅದನ್ನು ನೋಡಿ, ಇವಳಿಗೆ ಈ ಪ್ರಯಾಣ ಏನೂ ಅಲ್ಲ, ಆರಾಮವಾಗಿ ಬಂದಿದ್ದಾಳೆ ಎಂದುಕೊಳ್ಳುತ್ತಿದ್ದಳು.

ಹಡಗು ಅಂದು ಹೊರಟಿತು. ಕೆಳಗಿನ ಅಂತಸ್ತಿನಲ್ಲಿ ಲಾರಿಗಳು, ಮೇಲೆ ಸಾಲು ಬೆಂಚು, ಎಲ್ಲೆಲ್ಲೂ ಎಣ್ಣೆ ಮತ್ತು ಈರುಳ್ಳಿ ಮೂಟೆಯ ವಾಸನೆ. ದಡ ಮರೆಯಾಗುವ ಮುಂಚೆಯೇ ಅವಳಿಗೆ ವಾಂತಿಯಾಯಿತು. ಅಂಚಿನ ಕಂಬಿ ಹಿಡಿದು ಬಗ್ಗಿದವಳ ಬೆನ್ನನ್ನು ಲಾರಿ ಓಡಿಸುವ ಹೆಂಗಸೊಬ್ಬಳು ನೀವುತ್ತ ನಿಂತಳು.

"ಮೊದಲನೇ ಸಲವಾ? ದೂರ ನೋಡಿ, ನೀರು ನೋಡ್ಬೇಡಿ. ಯಾರನ್ನ ನೋಡೋಕೆ ಹೊರಟಿದೀರಿ?"

"ಮಗಳನ್ನ."

"ಕರೀತಿದಾಳಾ?"

"ಇಲ್ಲ. ನಾನೇ ಹೋಗ್ತಿದೀನಿ."

ಕಿವಿ ಆಸ್ಪತ್ರೆ ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ರಸ್ತೆ ನಡುವೆಯೇ ಮುರಿದು, ದೀಪದ ಕಂಬವೊಂದು ನೀರಿನಲ್ಲಿ ಒರಗಿ ನಿಂತಿತ್ತು. ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ ರೋಗಿಗಳ ಬೆಂಚಿನ ತುದಿಯಲ್ಲಿ ಕೂತಳು. ಬಾಗಿಲು ತೆರೆದು ಮಗಳು ಮುಂದಿನವರನ್ನು ಕರೆಯಲು ಬಂದಳು. ತಾಯಿಯನ್ನು ಕಂಡದ್ದೇ ಅವಳು ಕೈಯಲ್ಲಿದ್ದ ಅಚ್ಚುಗಳ ತಟ್ಟೆಯನ್ನು ಬೆಂಚಿನ ಮೇಲಿಟ್ಟು ಹತ್ತಿರ ಬಂದಳು.

"ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನಿನ್ನ ನೋಡೋಕೆ ಬಂದೆ."

"ನಿಜ ಹೇಳಮ್ಮ."

"ನಿಜ. ಹಡಗಲ್ಲಿ ಬಂದೆ."

ಮಗಳು ಅವಳ ಮುಖ ನೋಡುತ್ತಲೇ ಜೇಬಿನಿಂದ ಫೋನು ತೆಗೆದು ಅಪ್ಪನಿಗೆ ಮಾಡಿದಳು. ಅವರು ಎತ್ತಲಿಲ್ಲ. ಮತ್ತೆ ಮಾಡಿದಳು. ಬೆಂಚಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಲಾಂಡ್ರಿಯಕ್ಕ ಅಪರಾಧಿಯ ಹಾಗೆ ಕೈಕಟ್ಟಿ ನಿಂತಿದ್ದಳು. ಕೊನೆಗೆ ತಮ್ಮನಿಗೆ ಮಾಡಿ, ಅವನ ಬಾಯಿಂದ ಕೇಳಿಸಿಕೊಂಡ ಮೇಲೆಯೇ ಮಗಳ ಭುಜ ಇಳಿಯಿತು.

"ಕೂತ್ಕೋ," ಎಂದಳು. "ಇನ್ನೂ ಜನ ಇದಾರೆ."

ಸಂಜೆ ಮಗಳ ಕೋಣೆಯಲ್ಲಿ ಒಂದೇ ಒಲೆಯ ಮೇಲೆ ಅನ್ನವಾಯಿತು. ತಾಯಿ ಸೊಪ್ಪು ಹೆಚ್ಚಿದಳು. ತಪ್ಪಾಯ್ತು ಎಂಬ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಹೇಳಲಾದದ್ದು ಅರ್ಧ ಮಾತ್ರ.

"ಬಿಡಮ್ಮ," ಎಂದಳು ಮಗಳು. ಅನ್ನದ ಪಾತ್ರೆ ಇಳಿಸಿ, "ಆದ್ರೆ ಒಂದು ಕೇಳ್ತೀನಿ. ನಾಳೆ ಅಪ್ಪನಿಗೆ ನಿಜವಾಗ್ಲೂ ಏನಾದ್ರೂ ಆದ್ರೆ, ನೀನು ಹೇಳಿದ್ದನ್ನ ನಾನು ಹೇಗೆ ನಂಬ್ಲಿ?"

"ನಿನ್ನ ತಮ್ಮನ ಕೈಲಿ ಹೇಳಿಸ್ತೀನಿ."

"ನೀನು ಹೇಳು ಅಂದದ್ದನ್ನ ಅವನು ಹೇಳ್ತಾನೆ."

"ನಿಮ್ಮಪ್ಪನೇ..."

"ಅಪ್ಪ ಬಿದ್ದು ಕಾಲು ಮುರ್ಕೊಂಡ್ರೂ ಹೇಳಲ್ಲ."

ಲಾಂಡ್ರಿಯಕ್ಕ ಸೊಪ್ಪಿನ ದಂಟನ್ನು ಬೆರಳಿನಲ್ಲಿ ಮುರಿಯುತ್ತ ಕೂತಳು. ಉಳಿದವರು ಒಬ್ಬರೇ. ಆ ಮನೆಯಲ್ಲಿ ತನ್ನ ಮಾತಿಗೆ ಮೇಲಾಗಿ ಅವರ ಮಾತು ನಿಲ್ಲಬಾರದೆಂದು ಎಷ್ಟು ಜಗಳ ಆಡಿದ್ದಳೋ.

"ನಿಮ್ಮಜ್ಜಿ ಹೇಳಿದ್ರೆ ನಂಬ್ತೀಯಾ?"

ಮಗಳು ತಾಯಿಯ ಮುಖ ನೋಡಿದಳು. "ನಂಬ್ತೀನಿ."

ಬೆಳಗ್ಗೆ ಕಾಫಿ ಲೋಟ ಮುಂದಿಟ್ಟುಕೊಂಡು ಇಬ್ಬರೂ ಸ್ಪೀಕರು ಹಾಕಿ ಮನೆಗೆ ಫೋನು ಮಾಡಿದರು. ಎತ್ತಿದ್ದು ಅಜ್ಜಿ. ಲಾಂಡ್ರಿಯಕ್ಕ ಗಂಟಲು ಸರಿಮಾಡಿಕೊಂಡಳು.

"ಅತ್ತೆ, ಇನ್ಮುಂದೆ ಮನೇಲಿ ಯಾರಿಗೆ ಏನಾದ್ರೂ ಆದ್ರೆ ಇವಳಿಗೆ ನೀವೇ ಹೇಳ್ಬೇಕು. ನಾನು ಹೇಳಿದ್ರೆ ಇವಳು ನಂಬಲ್ಲ. ನಂಬಬೇಕಾಗೂ ಇಲ್ಲ."

"ಸರಿ, ಹೇಳ್ತೀನಿ," ಎಂದರು ಮುದುಕಿ. "ನನಗೇ ಏನಾದ್ರೂ ಆದ್ರೆ?"

ಮಗಳು ತಾಯಿಯ ಕೈಯಿಂದ ಫೋನು ತೆಗೆದುಕೊಂಡಳು.

"ಆಗ ಅಮ್ಮನೇ ಹೇಳ್ಬೇಕಲ್ಲ ಅಜ್ಜಿ," ಎಂದಳು, ಕಿಟಕಿಯ ಕಡೆ ನೋಡುತ್ತ. "ನಂಬ್ತೀನಿ ಬಿಡಿ."

ತಾಯಿ ಎರಡೂ ಲೋಟ ಎತ್ತಿಕೊಂಡು ತೊಳೆಯಲು ಎದ್ದಳು. ಒಂದರಲ್ಲಿ ಇನ್ನೂ ಕಾಫಿ ಇತ್ತು.